“ಹಾಕಿದೆ, ಕಾಯಿ ಬಂತು”: ತೆಂಗಿನ ತೋಟದ ಮಾತುಗಳನ್ನು ತೂಗಿ ನೋಡೋದು ಹೇಗೆ?

ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಒಬ್ಬರು ತೆಂಗಿನ ಮರದ ಬುಡದಲ್ಲಿ ನಿಂತಿರ್ತಾರೆ. ಕ್ಯಾಮೆರಾ ಮೇಲಕ್ಕೆ ಹೋಗುತ್ತೆ, ಗೊನೆ ತುಂಬಾ ಕಾಯಿ. “ನೋಡಿ ಸ್ನೇಹಿತರೇ, ಆರು ತಿಂಗಳ ಹಿಂದೆ ಈ ಮರದಲ್ಲಿ ಏನೂ ಇರಲಿಲ್ಲ. ಈ ಲಿಕ್ವಿಡ್ ಬೇರಿಗೆ ಕೊಟ್ಟೆ, ಈಗ ನೀವೇ ನೋಡಿ” ಅಂತಾರೆ. ಕೆಳಗೆ ಒಂದು ಫೋನ್ ನಂಬರು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಗ್ರೂಪುಗಳಲ್ಲಿ ಇದು ವರ್ಷಕ್ಕೆ ನಾಲ್ಕು ಸಲವಾದರೂ ಸುತ್ತು ಹೊಡೆಯುತ್ತೆ. ಪ್ರತಿ ಸಲ ಬಾಟಲಿಯ ಹೆಸರು ಮಾತ್ರ ಬೇರೆ.

ಆ ಮನುಷ್ಯ ಸುಳ್ಳು ಹೇಳ್ತಿದ್ದಾನೆ ಅಂತ ನಾನು ಹೇಳ್ತಿಲ್ಲ. ಹಾಕಿದ್ದೂ ನಿಜ ಇರಬಹುದು, ಕಾಯಿ ಬಂದಿದ್ದೂ ನಿಜ ಇರಬಹುದು. ನಡುವೆ ಇರೋ “ಅದಕ್ಕೇ” ಅನ್ನೋ ಪದ ಮಾತ್ರ ಸಾಬೀತಾಗಿಲ್ಲ. ಈ ವಾರ ಗೊಬ್ಬರ, ಔಷಧಿ ವಿಷಯ ಬಿಟ್ಟು ಆ “ಅದಕ್ಕೇ” ಬಗ್ಗೆ ಮಾತಾಡೋಣ. ನಾವು ದುಡ್ಡು ಕಳ್ಕೊಳ್ಳೋದು ಹೆಚ್ಚಾಗಿ ಅಲ್ಲೇ. ಮನೆಯಲ್ಲಿ ಅಪ್ಪನ ಹತ್ತಿರ, ಅಂಗಡಿಯಲ್ಲಿ, ಗ್ರಾಮಸಭೆಯಲ್ಲಿ ನಮ್ಮ ಮಾತು ಬಿದ್ದು ಹೋಗೋದೂ ಅಲ್ಲೇ.

ಮರದ ಕ್ಯಾಲೆಂಡರ್ ಬೇರೆ

ರಾಗಿಗೆ ಯೂರಿಯಾ ಕೊಟ್ಟರೆ ಹದಿನೈದು ದಿನಕ್ಕೆ ಬಣ್ಣ ತಿರುಗುತ್ತೆ. ನಮ್ಮ ಕಣ್ಣಿಗೆ ಆ ಲೆಕ್ಕ ರೂಢಿ. ತೆಂಗಿಗೆ ಅದು ನಡೆಯಲ್ಲ.

ತೆಂಗಿನ ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಹುಟ್ಟುತ್ತೆ. ಅದು ಹೊರಗೆ ಬಂದು ಒಡೆಯೋದಕ್ಕೆ ಸುಮಾರು 32 ತಿಂಗಳು ಮುಂಚೆಯೇ, ಸುಳಿಯ ಒಳಗೆ, ಕಣ್ಣಿಗೆ ಕಾಣದ ಮೊಳಕೆಯಾಗಿ ಅದು ಶುರುವಾಗಿರುತ್ತೆ. ಒಡೆಯೋಕೆ ಸುಮಾರು 16 ತಿಂಗಳು ಇರುವಾಗ ಅದರ ಕವಲುಗಳು ಮೂಡ್ತವೆ. ಸುಮಾರು ಒಂದು ವರ್ಷ ಇರುವಾಗ ಹೂವುಗಳು, ಅಂದರೆ ನಾವು ಹರಳು ಅನ್ನೋದು, ರೂಪ ತಾಳ್ತವೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಇನ್ನೂ 11-12 ತಿಂಗಳು. ಒಟ್ಟು ಕೂಡಿಸಿದರೆ 44 ತಿಂಗಳು, ಮೂರೂ ಮುಕ್ಕಾಲು ವರ್ಷಕ್ಕೆ ಒಂದು ತಿಂಗಳು ಕಮ್ಮಿ.

ಒಂದು ಗೊನೆ ಹಿಡಿದು ಲೆಕ್ಕ ಹಾಕೋಣ. 2026ರ ಜನವರಿಯಲ್ಲಿ ಒಡೆದ ಹೊಂಬಾಳೆಯನ್ನೇ ತಗೊಳ್ಳಿ. ಅದರ ಮೊಳಕೆ ಆಗಿದ್ದು 2023ರ ಮೇ ಸುಮಾರಿಗೆ. ಅದರ ಬೆನ್ನಿಗೇ ಬಂದ ಮುಂಗಾರು ಕೈ ಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕನ್ನ ಸರ್ಕಾರ ಬರಪೀಡಿತ ಅಂತ ಘೋಷಿಸಿದ್ದು ನಿಮಗೆ ನೆನಪಿರುತ್ತೆ. ಅದೇ ಹೊಂಬಾಳೆಗೆ ಕವಲು ಮೂಡಿದ್ದು 2024ರ ಸೆಪ್ಟೆಂಬರ್ ಹೊತ್ತಿಗೆ, ಹರಳು ರೂಪ ಪಡೆದಿದ್ದು 2025ರ ಜನವರಿ ಹೊತ್ತಿಗೆ, ಕಾಯಿ ಕೆಡವೋದು 2027ರ ಜನವರಿ ಹೊತ್ತಿಗೆ. ಈ ಒಂದು ಗೊನೆಯೊಳಗೆ ನಾಲ್ಕು ವರ್ಷದ ಮಳೆ, ಬೋರ್‌ವೆಲ್ಲು, ಗೊಬ್ಬರ, ಉಳುಮೆ ಎಲ್ಲಾ ಸೇರಿಕೊಂಡಿದೆ. ತೆಂಗಿಗೆ ಬರದ ಏಟು ಎರಡು ಮೂರು ವರ್ಷ ಆದಮೇಲೂ ಕಾಣುತ್ತೆ ಅಂತ ಸಂಶೋಧಕರು ಹೇಳೋದು ಇದಕ್ಕೇ.

ಈಗ ವಿಡಿಯೋಗೆ ವಾಪಸ್ ಬನ್ನಿ. “ಆರು ತಿಂಗಳ ಹಿಂದೆ ಏನೂ ಇರಲಿಲ್ಲ, ಈಗ ಬಲಿತ ಕಾಯಿ ತುಂಬಿದೆ.” ಇವತ್ತು ಬಲಿತಿರೋ ಕಾಯಿಯ ಹೊಂಬಾಳೆ ಒಡೆದು ಹತ್ತಿರ ಹತ್ತಿರ ಒಂದು ವರ್ಷ ಆಗಿರಬೇಕು. ಅಂದರೆ ಲಿಕ್ವಿಡ್ ಕೊಡೋ ಹೊತ್ತಿಗೇ ಆ ಕಾಯಿಗಳು ಮರದ ಮೇಲೆ ಆರು ತಿಂಗಳ ಎಳೆಗಾಯಿಗಳಾಗಿ ನೇತಾಡ್ತಿದ್ದವು. “ಏನೂ ಇರಲಿಲ್ಲ” ಅನ್ನೋದೇ ಸುಳ್ಳಾಯ್ತು. ಬಾಟಲಿಯಲ್ಲಿ ಏನಿದೆ ಅಂತ ಗೊತ್ತಿಲ್ಲದೇ, ಮರದ ಲೆಕ್ಕ ಗೊತ್ತಿದ್ದರೆ ಸಾಕು, ಇಷ್ಟನ್ನ ಹೇಳಬಹುದು.

ಇಲ್ಲಿ ಒಂದು ಎಚ್ಚರ ಬೇಕು. “ತೆಂಗಿಗೆ ಏನು ಮಾಡಿದರೂ 44 ತಿಂಗಳು ಕಾಯಬೇಕು” ಅಂತ ನೀವು ಹೇಳಿದರೆ ಅದೂ ತಪ್ಪು. ಹೊಂಬಾಳೆಯಲ್ಲಿ ಎಷ್ಟು ಹರಳು ಇರಬೇಕು ಅನ್ನೋದು ಹಳೇ ಲೆಕ್ಕ. ಆದರೆ ಇರೋ ಹರಳಲ್ಲಿ ಎಷ್ಟು ನಿಲ್ಲುತ್ತೆ, ನಿಂತ ಕಾಯಿ ಎಷ್ಟು ದಪ್ಪ ಆಗುತ್ತೆ ಅನ್ನೋದು ಈ ವರ್ಷದ ನೀರು, ಗೊಬ್ಬರ, ಕೀಟದ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಡ್ರಿಪ್ ಕೊಟ್ಟ ಮೇಲೆ ಹರಳು ಉದುರೋದು ಕಮ್ಮಿ ಆಯ್ತು ಅಂತ ಒಬ್ಬರು ಹೇಳಿದರೆ ಅದು ಆಗುವ ಮಾತು. ಆರು ತಿಂಗಳಿಗೆ ಮರದ ಕಾಯಿ ಸಂಖ್ಯೆ ಮೂರು ಪಟ್ಟು ಆಯ್ತು ಅಂದರೆ ಆಗದ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತೂಕ ಹಾಕಿ ನೋಡಿ

ಇನ್ನೊಂದು ಪರೀಕ್ಷೆಗೆ ಕೂಡಿಸೋದು, ಭಾಗಿಸೋದು ಬಂದರೆ ಸಾಕು. ಫಸಲು ಕೊಡೋ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಅನ್ನೋದು ಸಾಮಾನ್ಯ ಶಿಫಾರಸು. ಜೊತೆಗೆ 50 ಕಿಲೋ ಕೊಟ್ಟಿಗೆ ಗೊಬ್ಬರ. ಚೀಲದ ಲೆಕ್ಕದಲ್ಲಿ ಹೇಳೋದಾದರೆ ಹೆಚ್ಚುಕಮ್ಮಿ 1.1 ಕಿಲೋ ಯೂರಿಯಾ, 2 ಕಿಲೋ ಸೂಪರ್ ಫಾಸ್ಫೇಟ್, 2 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಎರಡು ಕಂತಲ್ಲಿ ಕೊಡಬೇಕು.

ಈಗ ಯಾರಾದರೂ “ಈ 200 ಎಂ.ಎಲ್. ಬೇರಿಗೆ ಕೊಟ್ಟರೆ ಗೊಬ್ಬರವೇ ಬೇಡ” ಅಂದರೆ ಕೇಳಿ: 200 ಎಂ.ಎಲ್.ನಲ್ಲಿ ಪೂರ್ತಿ ಪೊಟ್ಯಾಷೇ ತುಂಬಿದೆ ಅಂತ ಇಟ್ಟುಕೊಂಡರೂ 1,200 ಗ್ರಾಂ ಎಲ್ಲಿಂದ ಬಂತು? ಬೋರಾನ್, ಸತುವಿನಂಥ ಲಘು ಪೋಷಕಾಂಶ ಗ್ರಾಂ ಲೆಕ್ಕದಲ್ಲೇ ಸಾಕು, ಅದನ್ನ ಬೇರಿನ ಮೂಲಕ ಕೊಡೋ ಪದ್ಧತಿಗೆ ಅರ್ಥ ಇದೆ. ಆದ್ದರಿಂದ “ಟಾನಿಕ್ ಎಲ್ಲಾ ಮೋಸ” ಅಂತಾನೂ ಹೇಳೋಕಾಗಲ್ಲ. “ಟಾನಿಕ್ಕು ಗೊಬ್ಬರದ ಜಾಗ ತುಂಬುತ್ತೆ” ಅನ್ನೋ ಮಾತು ಮಾತ್ರ ತಕ್ಕಡಿಯಲ್ಲೇ ಬಿದ್ದು ಹೋಗುತ್ತೆ.

ಹರಳು ಉದುರೋ ವಿಷಯದಲ್ಲೂ ಇದೇ ಆತುರ ನೋಡ್ತೀನಿ. ನಾಲ್ಕು ಹರಳು ಕೆಳಗೆ ಬಿದ್ದಿದ್ದು ಕಂಡ ಕೂಡಲೇ “ಬೋರಾನ್ ಕೊರತೆ, ಬೋರಾಕ್ಸ್ ಹಾಕು” ಅಂತಾರೆ. ಹೊಂಬಾಳೆಯಲ್ಲಿ ಬಂದ ಹರಳಲ್ಲಿ ಮೂರರಲ್ಲಿ ಒಂದು ಪಾಲು ಕಾಯಿಯಾದರೂ ಅದು ತೆಂಗಿನ ಸಹಜ ಗುಣವೇ. ಅದಕ್ಕಿಂತ ಹೆಚ್ಚು ಉದುರ್ತಾ ಇದ್ರೆ ಕಾರಣ ನೀರಿನ ಕೊರತೆ ಇರಬಹುದು, ಪರಾಗಸ್ಪರ್ಶ ಸರಿಯಾಗದೆ ಇರಬಹುದು, ತಿಗಣೆ ಇರಬಹುದು, ಶಿಲೀಂಧ್ರ ಇರಬಹುದು, ಬೋರಾನೂ ಇರಬಹುದು. ಬೋರಾನೇ ಅಂತ ಹೇಳಬೇಕಾದರೆ ಅದರದೇ ಗುರುತು ಬೇರೆ ಕಡೆ ಕಾಣಬೇಕು: ಎಳೇ ಗರಿಯ ಎಲೆಗಳು ಬಿಚ್ಚಿಕೊಳ್ಳದೆ ಅಂಟಿಕೊಂಡಿರೋದು, ತುದಿ ಕೊಕ್ಕೆಯಂತೆ ಬಾಗಿರೋದು. ಒಂದು ಲಕ್ಷಣಕ್ಕೆ ಐದು ಕಾರಣ ಇರುವಾಗ, ಉಳಿದ ನಾಲ್ಕನ್ನ ಯಾಕೆ ಬಿಟ್ಟಿರಿ ಅಂತ ಹೇಳೋಕೆ ಬಂದರೆ ಮಾತ್ರ ಐದನೆಯದನ್ನ ಹಿಡಿಯಬಹುದು.

ನುಸಿ, ಟವರು ಮತ್ತು ಬಿಳಿ ನೊಣ

ನಮ್ಮ ಕಡೆ ಈಗಲೂ ಕಟ್ಟೆ ಮೇಲೆ ಕೇಳೋ ಮಾತು: “ಮೊಬೈಲ್ ಟವರ್ ಬಂದ ಮೇಲೇ ಕಣಪ್ಪ ಕಾಯಿಗೆ ನುಸಿ ಬಂದಿದ್ದು.” ಈ ಮಾತಿನಲ್ಲಿ ಒಂದು ಭಾಗ ನಿಜವಿದೆ, ಅದಕ್ಕೇ ಇದು ಸಾಯ್ತಾ ಇಲ್ಲ. ನುಸಿ ಪೀಡೆ ಭಾರತದಲ್ಲಿ ಮೊದಲು ಕಂಡಿದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಅಲ್ಲಿಂದ ನಮ್ಮ ಕಡೆಗೂ ಹಬ್ಬಿತು. ಟವರುಗಳು ಊರೂರಿಗೆ ಬಂದಿದ್ದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ಎರಡೂ ಒಟ್ಟಿಗೆ ಬಂದವು, ನಿಜ. ಆದರೆ ಅದೇ ವರ್ಷಗಳಲ್ಲಿ ಕೇಬಲ್ ಟಿ.ವಿ., ಪ್ಲಾಸ್ಟಿಕ್ ಕೊಡ, ಎಸ್‌ಟಿಡಿ ಬೂತೂ ಬಂದವು. ಅವುಗಳ ಮೇಲೆ ಯಾರೂ ದೂರು ಹೇಳಲಿಲ್ಲ!

ಈ ವಾದವನ್ನ ಮುರಿಯೋಕೆ “ಮೂಢನಂಬಿಕೆ” ಅಂತ ಬೈಯೋ ಅಗತ್ಯ ಇಲ್ಲ. ಒಂದು ಪ್ರಶ್ನೆ ಸಾಕು: ಟವರ್ ಇಲ್ಲದ ಕಡೆ, ಟವರ್ ಇಲ್ಲದ ಕಾಲದಲ್ಲಿ ನುಸಿ ಇತ್ತಾ? ಇತ್ತು. ಈ ನುಸಿಯನ್ನ ವಿಜ್ಞಾನಿಗಳು ಮೊದಲು ಗುರುತಿಸಿ ಹೆಸರಿಟ್ಟಿದ್ದು 1965ರಲ್ಲಿ, ಮೆಕ್ಸಿಕೋ ದೇಶದ ಗೆರೆರೋ ಪ್ರಾಂತ್ಯದ ತೆಂಗಿನಲ್ಲಿ. ಆಗ ಜಗತ್ತಿನಲ್ಲಿ ಎಲ್ಲೂ ಮೊಬೈಲ್ ಟವರ್ ಇರಲಿಲ್ಲ. ಕಾರಣ ಅಂತ ಹೇಳೋ ವಸ್ತು ಇಲ್ಲದೇನೇ ಪರಿಣಾಮ ಇದ್ದರೆ, ಆ ಕಾರಣ ನಿಲ್ಲಲ್ಲ.

ಔಷಧಿ ವಿಷಯದಲ್ಲಿ ಇದೇ ತಪ್ಪಿಗೆ ದುಡ್ಡು ಬೀಳುತ್ತೆ. ನುಸಿಯ ಸಂಖ್ಯೆ ಮೂರರಿಂದ ಆರು ತಿಂಗಳ ಎಳೇ ಕಾಯಿಯ ತೊಟ್ಟಿನ ಕೆಳಗೆ ಜಾಸ್ತಿ ಇರುತ್ತೆ, ಕಾಯಿ ಬಲಿತಂತೆ ತಾನಾಗೇ ಇಳಿಯುತ್ತೆ. ನಾಲ್ಕನೇ ತಿಂಗಳಲ್ಲಿ ಔಷಧಿ ಹೊಡೆದು, ಎಂಟನೇ ತಿಂಗಳಲ್ಲಿ ಅದೇ ಕಾಯಿಯಲ್ಲಿ ನುಸಿ ಹುಡುಕಿದರೆ ಕಮ್ಮಿ ಇರುತ್ತೆ. ಹೊಡೆಯದೆ ಬಿಟ್ಟ ಮರದ ಎಂಟು ತಿಂಗಳ ಕಾಯಿಯಲ್ಲೂ ಕಮ್ಮಿಯೇ ಇರುತ್ತೆ. ಅದನ್ನ ನೋಡಿದವರು ಯಾರು?

ಬಿಳಿ ನೊಣದ್ದು ಇನ್ನೂ ಹೊಸ ಕಥೆ. ಸುರುಳಿ ಸುತ್ತಿದ ಹಾಗೆ ಎಲೆಯಡಿ ಮೊಟ್ಟೆ ಇಡೋ ಈ ರುಗೋಸ್ ಬಿಳಿ ನೊಣ ನಮ್ಮ ದೇಶದಲ್ಲಿ ಕಂಡಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಗರಿ ಮೇಲೆ ಕಪ್ಪು ಬೂಷ್ಟು ಹಿಡಿದಿದ್ದು ನೋಡಿ ಎಷ್ಟೋ ಜನ ಹೆದರಿ ಏಪ್ರಿಲ್-ಮೇನಲ್ಲಿ ಟ್ರ್ಯಾಕ್ಟರ್ ಸ್ಪ್ರೇಯರ್ ತರಿಸ್ತಾರೆ. ಜುಲೈ ಹೊತ್ತಿಗೆ ನೊಣ ಕಮ್ಮಿ. “ನೋಡಿ, ಔಷಧಿ ಕೆಲಸ ಮಾಡ್ತು.” ಆದರೆ ನಡುವೆ ಮುಂಗಾರು ಮಳೆ ಬಂತಲ್ಲ? ಜೋರು ಮಳೆಗೆ ಬಿಳಿ ನೊಣ ಇಳಿಯೋದು ಗೊತ್ತಿರೋ ವಿಷಯ. ಅದರ ಜೊತೆ ಎನ್‌ಕಾರ್ಸಿಯಾ ಅನ್ನೋ ಸಣ್ಣ ಪರಾವಲಂಬಿ ಕಣಜ ನೊಣದ ಮರಿಗಳ ಒಳಗೇ ಬೆಳೆದು ಅವನ್ನ ಕೊಲ್ಲುತ್ತೆ. ವಿಷದ ಔಷಧಿ ಹೊಡೆದರೆ ಮೊದಲು ಸಾಯೋದು ಈ ಕಣಜವೇ. ಅದಕ್ಕೇ ರಾಸಾಯನಿಕ ಬೇಡ, ನೀರನ್ನ ಜೋರಾಗಿ ಹಾರಿಸಿ, ಹಳದಿ ಅಂಟು ಪಟ್ಟಿ ಕಟ್ಟಿ, ತೀರಾ ಜಾಸ್ತಿಯಾದರೆ ಬೇವಿನ ಎಣ್ಣೆ ಬಳಸಿ ಅಂತ ಸಲಹೆ ಕೊಡೋದು. ತಾನಾಗೇ ಇಳಿಯೋದನ್ನ ನಾವು ಇಳಿಸಿದೆವು ಅಂದುಕೊಂಡರೆ, ಮುಂದಿನ ವರ್ಷ ಇಳಿಸೋರನ್ನೂ ಕೊಂದುಕೊಂಡಿರ್ತೀವಿ.

ಇದರ ಒಳಗೇ ಇನ್ನೊಂದು ಮೋಸ ಇದೆ, ಅದು ಓದಿದವರ ಕಣ್ಣಿಗೂ ಬೀಳಲ್ಲ. ನಾವು ಔಷಧಿ ಯಾವ ಮರಕ್ಕೆ ಕೊಡ್ತೀವಿ? ತೋಟದಲ್ಲಿ ಆ ವರ್ಷ ತೀರಾ ಸೋತಿರೋ ಮರಕ್ಕೆ. ತೆಂಗಿನ ಮರ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ ಬಿಡೋದು ಇದ್ದೇ ಇದೆ. ಈ ವರ್ಷ ಅತೀ ಕಮ್ಮಿ ಬಿಟ್ಟ ಹತ್ತು ಮರ ಆರಿಸಿ ಏನೂ ಮಾಡದೆ ಬಿಟ್ಟರೂ, ರೋಗ ಇಲ್ಲದಿದ್ದರೆ ಮುಂದಿನ ವರ್ಷ ಅವುಗಳಲ್ಲಿ ಹೆಚ್ಚಿನವು ಸ್ವಲ್ಪ ಸುಧಾರಿಸ್ತವೆ. ಅವು ತಮ್ಮ ಮಾಮೂಲಿಗೆ ವಾಪಸ್ ಬರ್ತಿವೆ, ಅಷ್ಟೇ. ಆ ಗ್ಯಾಪಿನಲ್ಲಿ ನೀವು ಮಜ್ಜಿಗೆ ಹಾಕಿದ್ದರೆ ಮಜ್ಜಿಗೆಗೆ ಹೆಸರು ಬರುತ್ತೆ, ಟಾನಿಕ್ ಹಾಕಿದ್ದರೆ ಟಾನಿಕ್ಕಿಗೆ ಹೆಸರು ಬರುತ್ತೆ.

ತಾತನ ಉಪ್ಪು

ಇಷ್ಟು ಓದಿ ಕೆಲವರು ಮನೆಯಲ್ಲಿ ಯುದ್ಧ ಶುರು ಮಾಡಬಹುದು, ಸ್ವಲ್ಪ ತಡೆಯಿರಿ. “ತೆಂಗಿನ ಬುಡಕ್ಕೆ ಉಪ್ಪು ಹಾಕಬೇಕು” ಅನ್ನೋದು ಹಳೇ ಮಾತು. ಕೇಳಿದರೆ ಕೊಡೋ ಕಾರಣ: “ತೆಂಗು ಸಮುದ್ರದ ಮರ, ಅದಕ್ಕೆ ಉಪ್ಪು ಇಷ್ಟ.” ಇದು ಕಾರಣ ಅಲ್ಲ, ಹೋಲಿಕೆ. ಸಮುದ್ರದ ದಡದಲ್ಲಿ ಬೆಳೆಯುತ್ತೆ ಅಂತ ಉಪ್ಪು ಕೊಡೋದಾದರೆ, ಹಲಸಿಗೆ ಮಲೆನಾಡಿನ ಮಳೆಯನ್ನ ಎಲ್ಲಿಂದ ತರೋಣ?

ಆದರೆ ಕಾರಣ ದುರ್ಬಲ ಅಂತ ಮಾತೇ ಸುಳ್ಳು ಅಂತ ತೀರ್ಮಾನಿಸಿದರೆ ನೀವೂ ಎಡವಿದಿರಿ. ಉಪ್ಪಿನಲ್ಲಿ ಕ್ಲೋರಿನ್ ಇದೆ, ತೆಂಗಿಗೆ ಕ್ಲೋರಿನ್ ನಿಜವಾಗಿಯೂ ಬೇಕಾದ ಪೋಷಕಾಂಶ. ಫಿಲಿಪ್ಪೀನ್ಸಿನಲ್ಲಿ ಸಮುದ್ರದಿಂದ ದೂರದ ತೋಟಗಳಲ್ಲಿ ಕ್ಲೋರಿನ್ ಕೊರತೆ ಕಂಡು, ಅಡುಗೆ ಉಪ್ಪನ್ನೇ ಗೊಬ್ಬರವಾಗಿ ಶಿಫಾರಸು ಮಾಡಿದ್ದಾರೆ. ಅಂದರೆ ತಾತ ಹೇಳಿದ್ದರಲ್ಲಿ ಹುರುಳಿತ್ತು, ಕೊಟ್ಟ ಕಾರಣದಲ್ಲಿ ಇರಲಿಲ್ಲ.

ಹಾಗಂತ ನಾಳೆಯೇ ಉಪ್ಪಿನ ಮೂಟೆ ಇಳಿಸಬೇಕಾ? ಇಲ್ಲೇ ನೋಡಿ ಸರಿಯಾದ ಕಾರಣ ಗೊತ್ತಿರೋದರ ಲಾಭ. ಬೇಕಿರೋದು ಕ್ಲೋರಿನ್ ಅಂತ ಗೊತ್ತಾದರೆ ಮುಂದಿನ ಪ್ರಶ್ನೆ ತಾನಾಗೇ ಹುಟ್ಟುತ್ತೆ: ನಾನು ಈಗಾಗಲೇ ಹಾಕ್ತಿರೋ ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲೂ ಕ್ಲೋರಿನ್ ಇದೆಯಲ್ಲಾ? ನನ್ನ ಬೋರ್‌ವೆಲ್ ನೀರು ಮೊದಲೇ ಸವಳಾಗಿದ್ದರೆ? ಆಳದ ಬೋರಿನ ಉಪ್ಪು ನೀರು ಕುಡಿದು ಬಿಳಿ ಪೊರೆ ಕಟ್ಟಿರೋ ಮಣ್ಣಿಗೆ ಇನ್ನೂ ಸೋಡಿಯಂ ಸುರಿದರೆ ಮಣ್ಣು ಗಟ್ಟಿಯಾಗಿ ಕೂರುತ್ತೆ. “ಸಮುದ್ರದ ಮರ” ಅನ್ನೋ ಹೋಲಿಕೆ ಹಿಡಿದವರಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಲ್ಲ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿದವರಿಗೆ ಗೊತ್ತಾಗುತ್ತೆ. ತಿಪಟೂರಿನ ಪಕ್ಕ ಕೊನೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ದೂರ ಹೋಗಬೇಕಿಲ್ಲ.

ಹಿರಿಯರ ಅನುಭವವನ್ನ ಸಾಕ್ಷಿ ಅಂತಲೇ ಎಣಿಸಿ. ಒಂದೇ ತೋಟದ ಮರಗಳನ್ನ ನಲವತ್ತು ವರ್ಷ ನೋಡಿದ ಕಣ್ಣು ಅದು. ಯಾವ ಮರ ಬರದಲ್ಲೂ ಕೈ ಬಿಡಲ್ಲ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ ಅನ್ನೋದರಲ್ಲಿ ಅಪ್ಪನ ಮಾತೇ ಗಟ್ಟಿ. ಆದರೆ “ಉಪ್ಪು ಹಾಕಿದ ವರ್ಷ ಜಾಸ್ತಿ ಬಂತು” ಅನ್ನೋ ನೆನಪು ಗಟ್ಟಿ ಅಲ್ಲ. ಹಾಕಿಯೂ ಬರದ ವರ್ಷಗಳು ನೆನಪಲ್ಲಿ ಉಳಿಯಲ್ಲ. ಇದು ನನಗೂ ಆಗುತ್ತೆ, ನಿಮಗೂ ಆಗುತ್ತೆ.

ಅಂಗಡಿಯವರ ವಿಷಯಕ್ಕೂ ಒಂದು ಮಾತು. “ಅವನು ಮಾರೋಕೆ ಕೂತವನು, ಅದಕ್ಕೇ ಹೇಳ್ತಾನೆ” ಅಂತ ತಳ್ಳಿ ಹಾಕೋದು ಸುಲಭ. ಮಾರುವವನ ಮಾತು ಸುಳ್ಳೇ ಆಗಬೇಕಿಲ್ಲ, ಲಾಭ ಇರೋದರಿಂದ ಎರಡು ಪ್ರಶ್ನೆ ಹೆಚ್ಚು ಕೇಳಬೇಕು ಅಷ್ಟೇ. “ವಿಜ್ಞಾನಿ ಹೇಳಿದಾರೆ” ಅನ್ನೋದಕ್ಕೂ ಇದೇ ಅಳತೆ: ಯಾವ ಮಣ್ಣಿನಲ್ಲಿ, ಯಾವ ತಳಿಗೆ, ನೀರಾವರಿಯೋ ಮಳೆ ಆಶ್ರಯವೋ? ಮೇಲೆ ಕೊಟ್ಟ 500:320:1,200 ಕೂಡ ಸಾಮಾನ್ಯ ಶಿಫಾರಸೇ. ನಿಮ್ಮ ಮಣ್ಣಿನ ವರದಿ ಬೇರೆ ಹೇಳಿದರೆ ವರದಿಯನ್ನ ಕೇಳಿ.

ನಿಮ್ಮ ತೋಟದಲ್ಲೇ ಸಾಕ್ಷಿ ಹುಟ್ಟಿಸಿ

ಅಪ್ಪ ಒಂದು ಹೇಳ್ತಾರೆ, ನೀವು ಒಂದು ಹೇಳ್ತೀರಿ. ಜಗಳ ಬೇಡ. “ಅಪ್ಪಾಜಿ, ಪೂರ್ತಿ ತೋಟಕ್ಕೆ ಬೇಡ, ಹತ್ತು ಮರಕ್ಕೆ ನೀವು ಹೇಳಿದ ಹಾಗೆ ಮಾಡೋಣ, ಹತ್ತು ಮರ ಹಾಗೇ ಬಿಡೋಣ” ಅಂದರೆ ಬಹುತೇಕ ಮನೆಗಳಲ್ಲಿ ಒಪ್ಪುತ್ತಾರೆ.

ಒಂದೇ ವಯಸ್ಸಿನ, ಒಂದೇ ತರಹ ನೀರು ಸಿಗೋ, ರೋಗ ಇಲ್ಲದ 20 ಮರ ಗುರುತು ಮಾಡಿ ನಂಬರ್ ಬರೀರಿ. ಬದು ಪಕ್ಕದ್ದು, ಕೊಟ್ಟಿಗೆ ಪಕ್ಕದ್ದು, ತೊಟ್ಟಿ ನೀರು ಹರಿಯೋ ಜಾಗದ್ದು ಬೇಡ. ಆಮೇಲೆ 20 ಚೀಟಿ ಬರೆದು ಡಬ್ಬಕ್ಕೆ ಹಾಕಿ, ಮಕ್ಕಳ ಕೈಲಿ ಹತ್ತು ಎತ್ತಿಸಿ. ಬಂದ ಹತ್ತು ನಂಬರಿಗೆ ಔಷಧಿ ಅಥವಾ ಗೊಬ್ಬರ, ಉಳಿದ ಹತ್ತಕ್ಕೆ ಇಲ್ಲ. ಚೀಟಿ ಎತ್ತೋದು ತಮಾಷೆ ಅನ್ನಿಸಬಹುದು. ಆದರೆ ನೀವೇ ಆರಿಸಿದರೆ ಗೊತ್ತಿಲ್ಲದೇ ಒಳ್ಳೇ ಮರವನ್ನೋ, ಸೋತ ಮರವನ್ನೋ ಒಂದೇ ಕಡೆ ಸೇರಿಸ್ತೀರಿ, ಆಗ ಮೇಲೆ ಹೇಳಿದ ಮಜ್ಜಿಗೆ ಕಥೆ ಮತ್ತೆ ಶುರು. ಬೇರೆ ಎಲ್ಲವೂ, ಅಂದರೆ ನೀರು, ಉಳುಮೆ, ಕೊಟ್ಟಿಗೆ ಗೊಬ್ಬರ, ಇಪ್ಪತ್ತಕ್ಕೂ ಒಂದೇ ಸಮ ಇರಬೇಕು. ತೆಂಗಿನ ಚುರುಕಾದ ಬೇರುಗಳು ಹೆಚ್ಚಾಗಿ ಬುಡದಿಂದ ಎರಡು ಮೀಟರ್ ಒಳಗೇ ಇರೋದರಿಂದ, 30 ಅಡಿ ಅಂತರದ ತೋಟದಲ್ಲಿ ಪಕ್ಕದ ಮರ ಗೊಬ್ಬರ ಕದಿಯುತ್ತೆ ಅನ್ನೋ ಭಯ ಕಮ್ಮಿ.

ಏನು ಎಣಿಸಬೇಕು ಅನ್ನೋದು ನೀವು ಕೇಳೋ ಪ್ರಶ್ನೆ ಮೇಲೆ ನಿಂತಿದೆ. ಹರಳು ನಿಲ್ಲುತ್ತಾ ಅಂತ ನೋಡೋದಾದರೆ, ಹೊಂಬಾಳೆ ಒಡೆದಾಗ ಹರಳು ಎಣಿಸಿ, ಮೂರು ತಿಂಗಳಾದ ಮೇಲೆ ಅದೇ ಗೊನೆಯಲ್ಲಿ ನಿಂತ ಕಾಯಿ ಎಣಿಸಿ. ಕೆಳಗಿಂದ ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದರೆ ಮರ ಹತ್ತೋ ಕೆಲಸವೂ ಉಳಿಯುತ್ತೆ, ದಿನಾಂಕವೂ ಅದರಲ್ಲೇ ಇರುತ್ತೆ. ಒಟ್ಟು ಇಳುವರಿ ಹೆಚ್ಚುತ್ತಾ ಅಂತ ನೋಡೋದಾದರೆ ಕೆಡವಿದ ಕಾಯಿಯನ್ನ ಮರದ ಲೆಕ್ಕದಲ್ಲಿ ಬರೀಬೇಕು, ಮತ್ತೆ ಮೂರ್ನಾಲ್ಕು ವರ್ಷ ಬಿಡದೆ ಬರೀಬೇಕು. ಬೇಸರದ ಕೆಲಸ, ಸುಳ್ಳು ಹೇಳಲ್ಲ. ಶುರು ಮಾಡೋ ಮುಂಚಿನ ಒಂದು ವರ್ಷದ ಲೆಕ್ಕ ಇದ್ದರಂತೂ ಬಂಗಾರ.

ಇನ್ನೊಂದು ಕೆಲಸ ಮೊದಲೇ ಮಾಡಿ: ಏನು ಕಂಡರೆ ನಾನು ಸೋತೆ ಅಂತ ಒಪ್ಪಿಕೊಳ್ತೀನಿ ಅಂತ ಬರೆದಿಡಿ. “ಹತ್ತು ಮರದ ಒಟ್ಟು ಕಾಯಿಯಲ್ಲಿ ಖರ್ಚು ಹುಟ್ಟುವಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಇದನ್ನ ನಿಲ್ಲಿಸ್ತೀನಿ.” ಇದು ಇಲ್ಲದಿದ್ದರೆ ಫಲ ಬಂದರೆ ಔಷಧಿಯಿಂದ, ಬರದಿದ್ದರೆ ಮಳೆಯಿಂದ ಅಂತ ಎರಡೂ ಕಡೆ ಗೆಲ್ಲೋ ಆಟ ಆಗುತ್ತೆ.

ಬೆಲೆ ಬಗ್ಗೆ ಮಾತಾಡುವಾಗ

ತೋಟದ ಹೊರಗೂ ಇದೇ ಶಿಸ್ತು ಬೇಕು. ನಮ್ಮ ಉಂಡೆ ಕೊಬ್ಬರಿಗೆ 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ 8,000ದ ಆಸುಪಾಸಿಗೆ ಕುಸಿದಿತ್ತು. 2024ರಲ್ಲಿ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯ ಸರ್ಕಾರದ 1,500. 2025ರಲ್ಲಿ ಬೆಂಬಲ ಬೆಲೆ 12,100, ಆದರೆ ತಿಪಟೂರು ಮಾರುಕಟ್ಟೆಯಲ್ಲೇ ದರ 20,000 ದಾಟಿ ಹೋಯ್ತು. ಈ ಏರಿಳಿತ ನೋಡಿ “ಹೋದ ಸಲ ಇಟ್ಟುಕೊಂಡಿದ್ದಕ್ಕೆ ಬೆಲೆ ಬಂತು, ಈ ಸಲವೂ ಅಟ್ಟದಲ್ಲೇ ಇರಲಿ” ಅಂತ ತೀರ್ಮಾನ ಮಾಡೋರಿದ್ದಾರೆ. ಒಂದು ಸಲ ಬಂದಿದ್ದು ಒಂದು ಸಲದ ಸಾಕ್ಷಿ. ಇಟ್ಟುಕೊಂಡು 8,000ಕ್ಕೆ ಮಾರಿದವರು ಸ್ಟೇಟಸ್ ಹಾಕಲ್ಲ, ಹಾಗಾಗಿ ನಿಮ್ಮ ಫೋನಿಗೆ ಗೆದ್ದವರ ಕಥೆ ಮಾತ್ರ ಬರುತ್ತೆ.

ಬೆಂಬಲ ಬೆಲೆ ಸಾಲದು ಅಂತ ಮನವಿ ಕೊಡುವಾಗ ನಮ್ಮ ವಾದ ಎಲ್ಲಿ ಸೋಲುತ್ತೆ ಗೊತ್ತಾ? “ರೈತ ದೇಶದ ಬೆನ್ನೆಲುಬು” ಅಂತ ಶುರುವಾಗಿ “ಆದ್ದರಿಂದ 20,000 ಕೊಡಿ” ಅಂತ ಮುಗಿಯುತ್ತೆ. ಮೊದಲನೇ ಮಾತು ಯಾರೂ ಅಲ್ಲಗಳೆಯಲ್ಲ, ಆದರೆ ಅದರಿಂದ ಎರಡನೇದು ಹೊರಡಲ್ಲ. ಬೆಲೆ ಶಿಫಾರಸು ಮಾಡೋದು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ. ಅದು ನೋಡೋದು ಉತ್ಪಾದನಾ ವೆಚ್ಚ. ಕೈಯಿಂದ ಹೋದ ಖರ್ಚು ಮತ್ತು ಮನೆಯವರ ದುಡಿಮೆ ಸೇರಿಸಿದ ವೆಚ್ಚದ ಒಂದೂವರೆ ಪಟ್ಟು ಕೊಡ್ತೀವಿ ಅನ್ನೋದು 2018ರ ಬಜೆಟ್ಟಿನಿಂದ ಸರ್ಕಾರದ ನಿಲುವು. ಸ್ವಂತ ಜಮೀನಿನ ಗೇಣಿ, ಬಂಡವಾಳದ ಬಡ್ಡಿಯನ್ನೂ ಸೇರಿಸಬೇಕು ಅನ್ನೋದು ರೈತ ಸಂಘಟನೆಗಳ ನಿಲುವು. ಜಗಳ ಇರೋದು ಈ ಲೆಕ್ಕದಲ್ಲಿ. ಅಲ್ಲಿಗೇ ಹೋಗಿ ಮಾತಾಡಬೇಕು.

ಅದಕ್ಕೆ ಬೇಕಾದ ಸಾಕ್ಷಿ ನಮ್ಮ ಅಟ್ಟದಲ್ಲೇ ಇದೆ. ಒಂದು ಕ್ವಿಂಟಲ್ ಕೊಬ್ಬರಿಗೆ ನಿಮ್ಮ ತೋಟದ ಎಷ್ಟು ಕಾಯಿ ಬೇಕು? ಕಾಯಿಗೆ 150 ಗ್ರಾಂ ಕೊಬ್ಬರಿ ಬಂದರೆ 667 ಕಾಯಿ. ನುಸಿ ಹೊಡೆತಕ್ಕೋ ಬರಕ್ಕೋ ಕಾಯಿ ಸಣ್ಣಗಾಗಿ 120 ಗ್ರಾಂ ಬಂದರೆ 833 ಕಾಯಿ. ಕೆಡವೋ ಕೂಲಿ, ಸಾಗಣೆ, ಸುಲಿಯೋ ಕೂಲಿ ಎಲ್ಲಾ ಕಾಯಿ ಲೆಕ್ಕದಲ್ಲಿ ಕೊಡ್ತೀವಿ, ಮಾರೋದು ಮಾತ್ರ ಕಿಲೋ ಲೆಕ್ಕದಲ್ಲಿ. ಅದರ ಮೇಲೆ ಎಂಟು-ಹತ್ತು ತಿಂಗಳು ಕಾಯಿ ಅಟ್ಟದಲ್ಲಿ ಕೂರುತ್ತೆ, ಅಷ್ಟು ದಿನದ ಬಡ್ಡಿ ಯಾರ ಲೆಕ್ಕದಲ್ಲಿದೆ? ಒಡೆದಾಗ ಕೌಟು ಎಷ್ಟು ಹೋಯ್ತು? ಗಾಣಕ್ಕೆ ಹೋಗೋ ಕೊಬ್ಬರಿಗೆ ಈ ಕಾಯುವಿಕೆ ಇಲ್ಲ. ಉಂಡೆಗೆ ಬೇರೆ ಬೆಲೆ ಯಾಕೆ, ಎಷ್ಟು ಹೆಚ್ಚು ಅಂತ ಕೇಳೋಕೆ ಇದಕ್ಕಿಂತ ಗಟ್ಟಿ ಆಧಾರ ನನಗೆ ಕಾಣಲ್ಲ. ಒಂದೂರಿನ ಹತ್ತು ಹನ್ನೆರಡು ಮನೆಯವರು ಒಂದೇ ನಮೂನೆಯಲ್ಲಿ ಒಂದು ವರ್ಷ ಬರೆದಿಟ್ಟ ಖರ್ಚಿನ ಪುಸ್ತಕ, ಕೂಲಿ ಚೀಟಿ, ಮಂಡಿ ಬಿಲ್ಲಿನ ಫೋಟೋ ಸಮೇತ ಇದ್ದರೆ, ಅದನ್ನ ರಾಜ್ಯದ ಕೃಷಿ ಬೆಲೆ ಆಯೋಗದ ಮುಂದೆ ಇಡಬಹುದು, ಶಾಸಕರು-ಸಂಸದರ ಮುಂದೆಯೂ ಇಡಬಹುದು.

ಬರೆಯುವಾಗ ಎದುರಿನವರು ಹೇಳೋದನ್ನ ಮೊದಲೇ ಬರೆದುಬಿಡಿ. “2025ರಲ್ಲಿ ಮಾರುಕಟ್ಟೆಯೇ 20,000 ದಾಟಿತ್ತಲ್ಲಾ, ಇನ್ನೇಕೆ ಬೆಂಬಲ ಬೆಲೆ ಏರಿಸಬೇಕು?” ಅಂತ ಕೇಳೇ ಕೇಳ್ತಾರೆ. ಅದು ಸುಮ್ಮನೆ ಕೇಳೋ ಪ್ರಶ್ನೆ ಅಲ್ಲ, ಗಟ್ಟಿ ಪ್ರಶ್ನೆಯೇ. ಉತ್ತರ ನಿಮ್ಮ ಪುಸ್ತಕದಲ್ಲಿ ಇರಬೇಕು: ಬೆಲೆ ಏರಿದ ಆ ವರ್ಷ ನಿಮ್ಮ ಹತ್ತಿರ ಮಾರೋಕೆ ಎಷ್ಟು ಕ್ವಿಂಟಲ್ ಇತ್ತು? 2022ರಲ್ಲಿ ಎಷ್ಟಿತ್ತು? ದರ ಎರಡೂವರೆ ಪಟ್ಟಾಗಿ ಕಾಯಿ ಅರ್ಧಕ್ಕೆ ಇಳಿದಿದ್ದರೆ ಕೈಗೆ ಬಂದಿದ್ದು ಒಂದೂಕಾಲು ಪಟ್ಟು ಮಾತ್ರ. ಇಳಿದಿಲ್ಲದಿದ್ದರೆ ಆ ವಾದ ನಿಮ್ಮದಲ್ಲ, ಬಿಟ್ಟು ಬೇರೆ ಆಧಾರ ಹುಡುಕಿ.

ಪುಸ್ತಕ ಅಂದೆನಲ್ಲ, ಹೊಸ ಆ್ಯಪ್ ಏನೂ ಬೇಡ. ಅಂಗಡಿಯಲ್ಲಿ ಸಿಗೋ ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸ, ಆಳು, ಕೂಲಿ, ಕಾಯಿ ಸಂಖ್ಯೆ, ತೂಕ ಅಂತ ಆರು ಗೀಟು ಎಳೆದು, ತಿಂಗಳಿಗೊಂದು ಸಲ ಪುಟದ ಫೋಟೋ ತೆಗೆದು ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಿ. ನೋಟ್‌ಬುಕ್ ನೆನೆದರೂ ಲೆಕ್ಕ ಉಳಿಯುತ್ತೆ.